ಬಾಟಲಿಗೆ ಯಾವ ಟಮಾಟಿ? – ತಿದ್ದಿಕೊಂಡ ಒಂದು ಪಾಠ

ಮುಡಬಿ ಭಾಗದ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆಗೆಂದು ಆಮ್ಲ–ಪ್ರತ್ಯಾಮ್ಲಗಳ ಪಾಠ ಮಾಡುತ್ತಿದ್ದೆ. ಟಮಾಟಿ ರಸದಲ್ಲಿ ಅದ್ದಿದ ನೀಲಿ ಲಿಟ್ಮಸ್ ಕೆಂಪಾಯಿತು. ಆಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಟಮಾಟಿ ಹುಳಿ ಅದಲ್ರಿ, ಕುದಿಸಿ ಬಾಟ್ಲಿದಾಗ ಮುಚ್ಚಿಟ್ರ ಕೆಡಂಗಿಲ್ಲೇನ್ರಿ?” “ಕೆಡುವುದಿಲ್ಲ” ಎಂದೆ. ಪಾಠ ಮುಗಿದ ಮೇಲೆ ಮಾರ್ಗದರ್ಶಕರು ತಪ್ಪೆಂದು ಗುರುತಿಸಿದ್ದು ಆ ಒಂದೇ ಮಾತನ್ನು. ದರ ಬಿದ್ದಾಗ ಹಣ್ಣು ಬುಟ್ಟಿಗಟ್ಟಲೆ ಉಳಿಯುವ ಮನೆಗಳ ಮಕ್ಕಳು ನಮ್ಮ ಮಾತನ್ನು ಅಡುಗೆಮನೆಗೆ ಒಯ್ಯುತ್ತಾರೆ. ಮರುದಿನ ತಿದ್ದಿ ಹೇಳಿದ್ದು ಹೀಗಿದೆ.

ತಳಿಯ ಆಯ್ಕೆ: ಕಾಪಿಡಲು ತಿರುಳು ದಪ್ಪ, ನೀರು ಮತ್ತು ಬೀಜ ಕಡಿಮೆ ಇರುವ ಹಣ್ಣು ಬೇಕು, ಬೇಗ ಗಟ್ಟಿಯಾಗುತ್ತದೆ, ಉರುವಲೂ ಉಳಿಯುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲಿ ಅರ್ಕಾ ಆಶಿಷ್ ಸಂಸ್ಕರಣೆಗೆಂದೇ ಬಂದದ್ದು. ಅರ್ಕಾ ಸೌರಭ್ ಪೇಟೆಗೂ ಸಂಸ್ಕರಣೆಗೂ ಒಗ್ಗುತ್ತದೆ. ಎಲೆ ಮುದುಡು ರೋಗದ ಕಾಟವಿದ್ದಲ್ಲಿ ಅರ್ಕಾ ರಕ್ಷಕ್ ಒಳ್ಳೆಯದು. ಆದರೆ ಅದು ಸಂಕರಣ ತಳಿ. ಅದರ ಬೀಜ ಎತ್ತಿಟ್ಟು ಬಿತ್ತಿದರೆ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ. ಗಿಡ್ಡಗೆ ಬೆಳೆಯುವ ತಳಿಗಳಲ್ಲಿ ಹಣ್ಣು ಹೆಚ್ಚುಕಡಿಮೆ ಒಟ್ಟಿಗೆ ಮಾಗುವುದರಿಂದ ಒಂದೇ ಸಲಕ್ಕೆ ಬಾಟಲಿ ತುಂಬಬಹುದು.

ಬೆಳೆಸುವಾಗ: 25ರಿಂದ 30 ದಿನದ ಸಸಿ ನಾಟಿಗೆ ಸರಿ. ಕಪ್ಪು ಮಣ್ಣಿನಲ್ಲಿ ನೀರು ನಿಲ್ಲದಂತೆ ಏರುಮಡಿ ಮಾಡಬೇಕು. ಒಮ್ಮೆ ಒಣಗಿಸಿ ಒಮ್ಮೆಲೇ ನೀರು ಕೊಟ್ಟರೆ ಹಣ್ಣು ಸೀಳುತ್ತದೆ, ತುದಿ ಕಪ್ಪಾಗಿ ಕೊಳೆಯುತ್ತದೆ. ಕಾಪಿಡಲು ಗಟ್ಟಿಯಾದ, ಆಗಷ್ಟೇ ಮಾಗಿದ ಹಣ್ಣನ್ನೇ ಆರಿಸಬೇಕು. ಅತಿಯಾಗಿ ಮಾಗಿದ ಹಣ್ಣಿನಲ್ಲಿ, ಒಣಗಿ ಸತ್ತ ಗಿಡದ ಹಣ್ಣಿನಲ್ಲಿ ಆಮ್ಲ ಕಡಿಮೆಯಿರುತ್ತದೆ.

ನನ್ನ ತಪ್ಪು: ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿಗೂ ಸಾಯುವುದಿಲ್ಲ. ಗಾಳಿಯಾಡದ ಬಾಟಲಿಯಲ್ಲಿ ಅವು ಮೊಳೆತು ಪ್ರಾಣಾಂತಿಕ ವಿಷ ಉಂಟುಮಾಡಬಲ್ಲವು. ರುಚಿ, ವಾಸನೆಯಿಂದ ಅದು ತಿಳಿಯದು. ಪಿಎಚ್ 4.6 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅವು ಬೆಳೆಯಲಾರವು. ಟಮಾಟಿಯ ಪಿಎಚ್ ತಳಿಗೆ, ಮಾಗಿದ ಹದಕ್ಕೆ ತಕ್ಕಂತೆ ಈ ಗೆರೆಯ ಎರಡೂ ಬದಿಗೆ ಇರಬಹುದು. 4.3 ಇರಲಿ, 4.8 ಇರಲಿ, ಲಿಟ್ಮಸ್ ಕೆಂಪಾಗುತ್ತದೆ! ಅದು ಆಮ್ಲವಿದೆ ಎನ್ನುತ್ತದೆ, ಸಾಕಷ್ಟಿದೆಯೇ ಎಂದು ಹೇಳದು.

ಆದ್ದರಿಂದ ತಳಿ ಯಾವುದೇ ಇರಲಿ, ಅರ್ಧ ಲೀಟರಿನ ಬಾಟಲಿಗೆ ಕಾಲು ಟೀ ಚಮಚ ನಿಂಬೆ ಉಪ್ಪು ಹಾಕಲೇಬೇಕು. ಸಿಪ್ಪೆ ತೆಗೆದು ಹಿಸುಕಿ ಕುದಿಸಿದ ಟಮಾಟಿಯನ್ನು ಬಿಸಿಯಿರುವಾಗಲೇ, ಇದಕ್ಕೆಂದೇ ಸಿಗುವ ಗಾಜಿನ ಬಾಟಲಿಗೆ ತುಂಬಿ ಮುಚ್ಚಳ ಹಾಕಬೇಕು. ಮುಚ್ಚಳ ಮುಳುಗುವಷ್ಟು ಕುದಿಯುವ ನೀರಿನಲ್ಲಿ 40 ನಿಮಿಷ ಇಡಬೇಕು. ಸಮುದ್ರಮಟ್ಟದ ಊರಿಗೆ 35 ನಿಮಿಷ ಸಾಕು. ನಮ್ಮ ಎತ್ತರದಲ್ಲಿ ನೀರು ತುಸು ಕಡಿಮೆ ಉಷ್ಣತೆಗೇ ಕುದಿಯುವುದರಿಂದ ಐದು ನಿಮಿಷ ಹೆಚ್ಚು. ಇದಕ್ಕೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೆರೆಸಬಾರದು; ಆಮ್ಲೀಯತೆ ತಗ್ಗುತ್ತದೆ.

ಪಾಠಯೋಜನೆಗೆ ಒಂದು ಸಲಹೆ: ಲಿಟ್ಮಸ್ ಚಟುವಟಿಕೆಯ ಕೊನೆಗೆ “ಈ ಕಾಗದ ನಮಗೆ ಏನನ್ನು ಹೇಳಲಿಲ್ಲ?” ಎಂದು ಕೇಳಿ. ನಾನು ಹಾಗೆ ಕೇಳಿದ್ದರೆ ಆ ಹುಡುಗಿಗೆ ತಪ್ಪು ಉತ್ತರ ಕೊಡುತ್ತಿರಲಿಲ್ಲ.