ದಿರ್ಹಮಿನ ಗುಣಾಕಾರ

ನಮ್ಮ ಕರಾವಳಿಯ ಊರುಗಳಲ್ಲಿ ದುಬೈಗೆ ಹೋದವನೆಲ್ಲ ಸಾಹುಕಾರನೆಂಬ ನಂಬಿಕೆ ಬಲವಾಗಿದೆ. ನನ್ನ ಅಣ್ಣ ಅಲ್ಲಿ ಬಡಗಿ. ಸಂಬಳ 1,200 ದಿರ್ಹಂ ಎಂದೊಡನೆ ಊರವರು ಅದನ್ನು ರೂಪಾಯಿಗೆ ಗುಣಿಸುತ್ತಾರೆ. ಅವನ ಊಟ, ಔಷಧಗಳ ಖರ್ಚನ್ನು ಮಾತ್ರ ಯಾರೂ ಗುಣಿಸುವುದಿಲ್ಲ. 1997ರಿಂದ ಡಾಲರೊಂದಕ್ಕೆ 3.6725 ದಿರ್ಹಂ ಎಂದು ದರ ಸ್ಥಿರವಾಗಿದೆ. ಆದುದರಿಂದ ಡಾಲರಿನೆದುರು ರೂಪಾಯಿ ಕುಸಿದಾಗಲೆಲ್ಲ ಇಲ್ಲಿ ಲೆಕ್ಕ ಉಬ್ಬುತ್ತದೆ. ಅಲ್ಲಿ ಅವನ ಕೈಗೆ ಒಂದು ಫಿಲ್ಸ್ ಕೂಡ ಹೆಚ್ಚು ಬಂದಿರುವುದಿಲ್ಲ. ರಜೆಯಲ್ಲಿ ಬಂದಾಗ ಸಾಲಮಾಡಿಯಾದರೂ ಅತ್ತರು, ಖರ್ಜೂರ ಹಂಚಿ ಈ ಭ್ರಮೆಯನ್ನು ಬೆಳೆಸುವವನೂ ಅವನೇ ಎನ್ನಿ!

ಊರವರನ್ನೇಕೆ ದೂರಲಿ? ಮನೆಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ಕಳೆದ ವರ್ಷ ನಾನೂ ಹೀಗೆಯೇ ಗುಣಿಸಿ, ಪುಸ್ತಕಗಳಿಗೂ ಪ್ರವಾಸಕ್ಕೂ ಹಣ ಕೇಳಿದೆ. ಬಂತು. ಆ ತಿಂಗಳು ಅವನು ವಾರದ ರಜೆಯನ್ನೂ ಬಿಟ್ಟು ದುಡಿದನೆಂದು ಕೋಣೆಯ ಜೊತೆಗಾರನಿಂದ ಆಮೇಲೆ ತಿಳಿಯಿತು.