ಸಿ.ಡಿ. ಬರೆಯುವ ಮುನ್ನ, ಬರೆದ ಮೇಲೆ

ನಿಮ್ಮ ಮನೆಯ ಅಟ್ಟದ ಮೇಲೋ ಮಂಚದ ಕೆಳಗಿನ ಟ್ರಂಕಿನಲ್ಲೋ ಹಳೆಯ ಕ್ಯಾಸೆಟ್ಟುಗಳ ಡಬ್ಬಿಯೊಂದು ಇದ್ದೀತು. ಊರಿನ ಮದುವೆಯ ಸೋಬಾನೆ ಪದ, ಅಜ್ಜನ ಗಮಕ, ಮಗುವಿನ ತೊದಲು ಮಾತು. ನನ್ನ ಡಬ್ಬಿಯಲ್ಲಿದ್ದುದು ಅಮ್ಮ ಹಾಡಿದ ದೇವರನಾಮಗಳ ಟೇಪು, 1994ರ ದೀಪಾವಳಿಯಲ್ಲಿ ಶಿರಸಿಯ ಮನೆಯಲ್ಲಿ ರೆಕಾರ್ಡ್ ಮಾಡಿದ್ದು. ಅಮ್ಮ ಈಗಿಲ್ಲ. ಊರಿನಲ್ಲಿರುವ ಅಕ್ಕನಿಗೆ ಅದರ ಪ್ರತಿ ಬೇಕಿತ್ತು. ಮೊಬೈಲಿಗೆ ಕಳಿಸುತ್ತೇನೆ ಅಂದರೆ, "ಅದೆಲ್ಲ ಬ್ಯಾಡ ಮಾರಾಯ, ಅಡುಗೆಮನೆ ಸಿ.ಡಿ. ಪ್ಲೇಯರಿಗೆ ಹಾಕಿದ್ರೆ ಹಾಡೋ ಅಂಥದ್ದು ಕೊಡು" ಅಂದಳು.

ಸರಿ, ಮುಂಬಯಿಯ ಅಂಗಡಿಯೊಂದರಿಂದ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಸಿ.ಡಿ. ರೈಟರ್ ತಂದೆ. ಮೊದಲ ಮೂರು ಸಿ.ಡಿ.ಗಳು ಕಸದ ಬುಟ್ಟಿ ಸೇರಿದವು, ಮೂರಕ್ಕೂ ಬೇರೆ ಬೇರೆ ಕಾರಣ. ಆ ಕಾರಣಗಳನ್ನು ಮೊದಲೇ ತಿಳಿದುಕೊಂಡರೆ ನಿಮ್ಮದು ಮೊದಲ ಸಲಕ್ಕೇ ಸರಿಬಂದೀತು.

ಬರೆಯುವುದು ಎಂದರೇನು?

ಕಂಪನಿಯಿಂದ ಬರುವ ಸಿನಿಮಾ ಹಾಡಿನ ಸಿ.ಡಿ.ಯಲ್ಲಿ ಸೂಕ್ಷ್ಮ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ನಾವು ತರುವ ಖಾಲಿ ಸಿ.ಡಿ.-ಆರ್‌ನ ರಚನೆ ಬೇರೆ. ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಣ್ಣದ ತೆಳು ಪದರ, ಅದರ ಮೇಲೆ ಕನ್ನಡಿಯಂಥ ಲೋಹದ ಪದರ, ಎಲ್ಲಕ್ಕಿಂತ ಮೇಲೆ ವಾರ್ನಿಷಿನಂಥ ಲೇಪ. ರೈಟರಿನ ಲೇಸರ್ ಕಿರಣ ಬಣ್ಣದ ಪದರವನ್ನು ಅಲ್ಲಲ್ಲಿ ಕಾಯಿಸಿ ಕಲೆ ಮಾಡುತ್ತದೆ. ಓದುವಾಗ ಕಲೆ ಇದ್ದಲ್ಲಿಂದ ಬೆಳಕು ಕಡಿಮೆ ಹಿಂತಿರುಗುತ್ತದೆ, ಇಲ್ಲದಲ್ಲಿಂದ ಹೆಚ್ಚು. 'ಬರ್ನ್' ಎನ್ನುವ ಮಾತಿನ ಅರ್ಥ ಇದೇ. ಒಮ್ಮೆ ಕಾದು ಕಲೆಯಾದದ್ದು ಮತ್ತೆ ಮೊದಲಿನಂತಾಗದು. ಹಾಗಾಗಿ ಸಿ.ಡಿ.-ಆರ್ ಬರೆಯುವಾಗ ಕೆಟ್ಟರೆ ಕೆಟ್ಟಂತೆಯೇ.

ಅಳಿಸಿ ಮತ್ತೆ ಬರೆಯಬಹುದಾದ ಸಿ.ಡಿ.-ಆರ್‌ಡಬ್ಲ್ಯೂ ಕೂಡ ಸಿಗುತ್ತದೆ. ಆದರೆ ಅದು ಬೆಳಕನ್ನು ಕಡಿಮೆ ಹಿಂತಿರುಗಿಸುವುದರಿಂದ ಎಷ್ಟೋ ಹಳೆಯ ಪ್ಲೇಯರುಗಳು ಅದನ್ನು ಗುರುತಿಸುವುದೇ ಇಲ್ಲ. ಹಾಡು ಕೇಳುವುದಕ್ಕೆ ಸಿ.ಡಿ.-ಆರ್ ಸಾಕು. ಭಾರತದಲ್ಲಿ ಖಾಲಿ ಸಿ.ಡಿ.ಗಳ ದೊಡ್ಡ ತಯಾರಕನಾಗಿದ್ದ ಮೋಸರ್ ಬೇರ್ ಕಂಪನಿಯ ಸಮಾಪನೆಗೆ 2018ರಲ್ಲಿ ಆದೇಶವಾಯಿತು. ಈಗ ಅಂಗಡಿಯಲ್ಲಿ ಕೈಗೆ ಬರುವುದು ಎಷ್ಟು ವರ್ಷದ ಹಳೆಯ ಸರಕೋ ಹೇಳಬರುವುದಿಲ್ಲ. ಮೊದಲಿಗೇ ಐವತ್ತರ ಕಟ್ಟು ತರಬೇಡಿ, ಐದು ತಂದು ಪರೀಕ್ಷಿಸಿ.

ಇನ್ನೊಂದು ಲೆಕ್ಕ. ಸಿ.ಡಿ.ಯಲ್ಲಿ ಹಿಡಿಸುವುದು 80 ನಿಮಿಷದ ಧ್ವನಿ. 60 ನಿಮಿಷದ ಕ್ಯಾಸೆಟ್ ಒಂದು ಸಿ.ಡಿ.ಯಲ್ಲಿ ಕೂರುತ್ತದೆ. 90 ನಿಮಿಷದ್ದು ಕೂರುವುದಿಲ್ಲ, ಎರಡು ಬದಿಗೆ ಎರಡು ಸಿ.ಡಿ. ಬೇಕು.

ಮೊದಲನೆಯ ಎಡವಟ್ಟು: ಸದ್ದೇ ಇಲ್ಲ

ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವಯರು ಹಾಕಿ, ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಹಾಡುಗಳನ್ನು ಇಳಿಸಿಕೊಂಡು, ಎಂಪಿ3 ಕಡತಗಳಾಗಿ ಮಾಡಿ ಸಿ.ಡಿ.ಗೆ ಹಾಕಿದೆ. ಕಂಪ್ಯೂಟರಿನಲ್ಲಿ ಚೆನ್ನಾಗಿ ಹಾಡಿತು. ಪಕ್ಕದ ಮನೆಯ ಹಳೆಯ ಪ್ಲೇಯರಿಗೆ ಹಾಕಿದರೆ ಮೌನ.

ಸಿ.ಡಿ.ಗೆ ಬರೆಯುವ ಬಗೆ ಎರಡು. ಕಡತಗಳನ್ನು ಹಾಗೆಯೇ ಇಟ್ಟರೆ ಅದು ಡೇಟಾ ಸಿ.ಡಿ. ಸೆಕೆಂಡಿಗೆ 44,100 ಬಾರಿ ಅಳೆದ ಧ್ವನಿಯನ್ನು ಹಾಡುಗಳ ಸಾಲಾಗಿ ಬರೆದರೆ ಅದು ಆಡಿಯೋ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದದ್ದು ಈ ಎರಡನೆಯದು. ಹಳೆಯ ಪ್ಲೇಯರಿಗೆ ಗೊತ್ತಿರುವುದೂ ಇದೊಂದೇ. ಎಂಪಿ3 ಎಂದು ಮೈಮೇಲೆ ಬರೆದಿರುವ ಪ್ಲೇಯರು ಮಾತ್ರ ಡೇಟಾ ಸಿ.ಡಿ.ಯನ್ನು ಹಾಡೀತು.

ಖಾಲಿ ಸಿ.ಡಿ. ಹಾಕಿದಾಗ ವಿಂಡೋಸ್ ಎರಡು ಆಯ್ಕೆ ಕೊಡುತ್ತದೆ: ಪೆನ್‌ಡ್ರೈವಿನಂತೆ ಬಳಸುವುದು, ಇಲ್ಲವೇ ಸಿ.ಡಿ. ಪ್ಲೇಯರಿಗಾಗಿ ಬರೆಯುವುದು. ಎರಡನೆಯದರ ಹೆಸರು ಕಂಡು ಮೋಸಹೋಗಬೇಡಿ, ಅದೂ ಕಡತಗಳನ್ನೇ ಬರೆಯುತ್ತದೆ. ಆ ಕಿಟಕಿಯನ್ನು ಮುಚ್ಚಿ 'ವಿಂಡೋಸ್ ಮೀಡಿಯಾ ಪ್ಲೇಯರ್ ಲೆಗಸಿ' ತೆರೆಯಿರಿ. ಬರ್ನ್ ಎಂಬಲ್ಲಿಗೆ ಹೋಗಿ ಆಡಿಯೋ ಸಿ.ಡಿ. ಆರಿಸಿ, ಹಾಡುಗಳನ್ನು ಕ್ರಮವಾಗಿ ಎಳೆದು ಹಾಕಿ. ಲಿನಕ್ಸ್ ಬಳಸುವವರಿಗೆ ಕೆ3ಬಿ, ಬ್ರೆಸೆರೋ ಇವೆ. ಮ್ಯಾಕ್‌ನಲ್ಲಿ ಮ್ಯೂಸಿಕ್ ತಂತ್ರಾಂಶವೇ ಈ ಕೆಲಸ ಮಾಡುತ್ತದೆ.

ಎರಡನೆಯದು: ಅರ್ಧಕ್ಕೆ ನಿಂತಿತು

ಈ ಸಲ ಆಡಿಯೋ ಎಂದೇ ಆರಿಸಿದ್ದೆ. ಅರ್ಧ ದಾರಿಯಲ್ಲಿ ರೈಟರು ಟಕ್ ಟಕ್ ಎಂದು ಸುಮ್ಮನಾಯಿತು. ತಪ್ಪು ರೈಟರಿನದಲ್ಲ, ಅದಕ್ಕೆ ಕರೆಂಟು ಸಾಲಲಿಲ್ಲ. ನಾನು ಅದನ್ನು ಮೌಸ್, ಪೆನ್‌ಡ್ರೈವ್ ಎಲ್ಲ ಸೇರಿದ್ದ ಯುಎಸ್‌ಬಿ ಹಬ್ಬಿಗೆ ಸಿಕ್ಕಿಸಿದ್ದೆ. ಯುಎಸ್‌ಬಿ 2.0 ಕಿಂಡಿಯೊಂದು ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಆದರೆ 900. ಸಿ.ಡಿ. ತಿರುಗಿಸುವ ಮೋಟಾರು, ಬರೆಯುವ ಲೇಸರು ಎರಡೂ ಸೇರಿದಾಗ ಬೇಡಿಕೆ ಏರುತ್ತದೆ. ಓದುವಾಗ ಸರಿಯಿದ್ದ ರೈಟರು ಬರೆಯುವಾಗ ಕೈಕೊಡುವುದು ಇದಕ್ಕೇ.

ಆದ್ದರಿಂದ ರೈಟರನ್ನು ನೇರವಾಗಿ ಕಂಪ್ಯೂಟರಿಗೇ ಸಿಕ್ಕಿಸಿ. ಮೇಜಿನ ಮೇಲಿನ ಕಂಪ್ಯೂಟರಾದರೆ ಹಿಂಬದಿಯ ಕಿಂಡಿ ಒಳ್ಳೆಯದು. ರೈಟರಿನ ಕೇಬಲಿಗೆ ಎರಡು ತಲೆ ಇದ್ದರೆ ಎರಡನ್ನೂ ಸಿಕ್ಕಿಸಿ. ಲ್ಯಾಪ್‌ಟಾಪ್ ಚಾರ್ಜರಿನಲ್ಲಿರಲಿ, ನಡುವೆ ನಿದ್ದೆಹೋಗದಂತೆ ನೋಡಿಕೊಳ್ಳಿ. ಹಾಡುಗಳು ಪೆನ್‌ಡ್ರೈವಿನಲ್ಲಿದ್ದರೆ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಬರೆಯುವಷ್ಟು ಹೊತ್ತು ಬೇರೆ ಕೆಲಸ ಬೇಡ.

ಮೂರನೆಯದು: ಏಳನೇ ಹಾಡಿನಿಂದ ತೊದಲು

ಈ ಸಿ.ಡಿ. ಪೂರ್ತಿಯಾಯಿತು, ಯಶಸ್ವಿ ಎಂದು ತೆರೆಯ ಮೇಲೆ ಬಂತು, ಕಂಪ್ಯೂಟರಿನಲ್ಲಿ ಹಾಡಿತು. ಪಕ್ಕದ ಮನೆಯಲ್ಲಿ ಮಾತ್ರ ಏಳನೇ ಹಾಡಿನಿಂದಾಚೆ ತೊದಲತೊಡಗಿತು.

ಸಿ.ಡಿ.ಯನ್ನು ಒಳಗಿನಿಂದ ಹೊರಗಿನ ಅಂಚಿನತ್ತ ಬರೆಯಲಾಗುತ್ತದೆ, ಓದುವುದೂ ಹಾಗೆಯೇ. ಕೊನೆಯ ಹಾಡುಗಳು ಅಂಚಿನಲ್ಲಿರುತ್ತವೆ. ವೇಗವಾಗಿ ಬರೆದಾಗ ಮಸುಕಾಗುವುದು, ಬೆರಳಿನ ಗುರುತು ಬೀಳುವುದು ಹೆಚ್ಚಾಗಿ ಅಲ್ಲೇ. ಕಂಪ್ಯೂಟರಿನ ಡ್ರೈವು ಮಸುಕು ಬರಹವನ್ನೂ ಹೇಗೋ ಓದಿಕೊಂಡೀತು, ಹಳೆಯ ಪ್ಲೇಯರಿಗೆ ಅಷ್ಟು ಕಣ್ಣಿಲ್ಲ. ನಾನು ಆರಿಸಿದ್ದು ಅತಿ ಹೆಚ್ಚಿನ ವೇಗ, 24. ವೇಗ 1 ಎಂದರೆ 80 ನಿಮಿಷದ್ದನ್ನು 80 ನಿಮಿಷದಲ್ಲಿ ಬರೆಯುವುದು. 16 ಎಂದರೆ ಲೆಕ್ಕಕ್ಕೆ 5 ನಿಮಿಷ. ಎರಡು ನಿಮಿಷ ಉಳಿಸಲು ಹೋಗಿ ಒಂದು ಸಿ.ಡಿ. ಕಳೆದುಕೊಂಡೆ. ಬೇರೆ ಕಂಪನಿಯ ಸಿ.ಡಿ. ತಂದು, ಅಂಚು ಮಾತ್ರ ಹಿಡಿದು ಒಳಗಿಟ್ಟು, 16ರ ವೇಗದಲ್ಲಿ ಬರೆದೆ. ಕೊನೆಯ ಹಾಡಿನವರೆಗೂ ಹಾಡಿತು.

ಪ್ಲೇಯರು ಸಿ.ಡಿ.ಯನ್ನು ಗುರುತಿಸುವುದೇ ಇಲ್ಲವೆಂದರೆ 'ಫೈನಲೈಸ್' ಆಗಿದೆಯೇ ನೋಡಿ. ಇದು ಪುಸ್ತಕಕ್ಕೆ ಪರಿವಿಡಿ ಬರೆದು ಮುಗಿಸಿದ ಹಾಗೆ. ಪರಿವಿಡಿ ಇಲ್ಲದ ಸಿ.ಡಿ.ಯಲ್ಲಿ ಯಾವ ಹಾಡು ಎಲ್ಲಿದೆಯೆಂದು ಸಾಮಾನ್ಯ ಪ್ಲೇಯರಿಗೆ ತಿಳಿಯದು.

ರೈಟರೇ ಕಾಣಿಸದಿದ್ದರೆ

ಮೊದಲು ಬೇರೆ ಕಿಂಡಿ, ಬೇರೆ ಕೇಬಲ್ ಪ್ರಯತ್ನಿಸಿ. ಆಗದಿದ್ದರೆ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ರೈಟರಿನ ಹೆಸರನ್ನು ತೆಗೆದುಹಾಕಿ, ಕೇಬಲ್ ಬಿಚ್ಚಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ ಸಿಕ್ಕಿಸಿ. ವಿಂಡೋಸ್ ತಾನಾಗಿಯೇ ಗುರುತಿಸುತ್ತದೆ. ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ, ಹಣ ಕೊಟ್ಟು ಕೊಳ್ಳಲು ಹೋಗಬೇಡಿ. ಅಂಗಡಿಯ ಸಿ.ಡಿ. ಓದುತ್ತದೆ, ಖಾಲಿಯದನ್ನು ಒಪ್ಪುವುದಿಲ್ಲ ಎಂದರೆ ಬೇರೆ ಕಂಪನಿಯ ಸಿ.ಡಿ. ಹಾಕಿ ನೋಡಿ. ಅದಕ್ಕೂ ಮೊದಲು ಅದು ಬರೆಯುವ ಡ್ರೈವೋ, ಬರೀ ಓದುವ ಡ್ರೈವೋ ಎಂದು ಡಬ್ಬಿಯ ಮೇಲೆ ನೋಡಿಕೊಳ್ಳಿ.

ಬರೆದ ಮೇಲೆ

ಇಷ್ಟರಿಂದ ನಾನು ಕಲಿತದ್ದು ಒಂದೇ: ಮುಗಿಯಿತು ಎಂದು ಕಂಪ್ಯೂಟರ್ ಹೇಳಿದರೆ ಮುಗಿದಂತಲ್ಲ. ಇನ್ನೊಂದು ಯಂತ್ರದಲ್ಲಿ ಮೊದಲಿನಿಂದ ಕೊನೆಯವರೆಗೆ ಹಾಡಿದ ಮೇಲೆಯೇ ಮುಗಿದಂತೆ. ಅಲ್ಲಿಯವರೆಗೆ ಕ್ಯಾಸೆಟ್ಟನ್ನು ಎಸೆಯುವ ಮಾತೇ ಬೇಡ. ಆಮೇಲೂ ಬೇಡ.

ಸಿ.ಡಿ.ಯ ಹೆಸರು ಬರೆಯುವ ಬದಿಯೇ ಹೆಚ್ಚು ನಾಜೂಕು. ಲೋಹದ ಪದರ ಇರುವುದು ಆ ತೆಳು ಲೇಪದ ಕೆಳಗೇ. ಬಾಲ್‌ಪೆನ್ ಬೇಡ, ಮೆತ್ತನೆಯ ತುದಿಯ ಮಾರ್ಕರ್ ಇರಲಿ. ಅಂಟುಚೀಟಿ ಹಚ್ಚಬೇಡಿ. ಒರೆಸುವುದಾದರೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ದುಂಡಗೆ ಒರೆಸಬೇಡಿ. ಬಣ್ಣದ ಪದರಕ್ಕೆ ಬಿಸಿಲು ಆಗದು. ಚೆನ್ನೈ, ಹೈದರಾಬಾದಿನ ಬೇಸಿಗೆಯಲ್ಲಿ ಕಾರಿನೊಳಗೆ ಬಿಡಲೇಬೇಡಿ. ಮೂಲ ಧ್ವನಿ ಕಡತದ ಒಂದು ಪ್ರತಿ ಕಂಪ್ಯೂಟರಿನಲ್ಲಿರಲಿ, ಇನ್ನೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ.

ನಮ್ಮ ಟೇಪಿನಲ್ಲಿ ಒಂದು ಕಡೆ ಅಮ್ಮ ಹಾಡು ನಿಲ್ಲಿಸಿ, "ಹಾಲು ಉಕ್ತು ಕಾಣ್ತು, ನೋಡೇ" ಎನ್ನುತ್ತಾಳೆ. ಕತ್ತರಿಸೋಣವೆಂದುಕೊಂಡವನು ಹಾಗೇ ಬಿಟ್ಟಿದ್ದೆ. ಸಿ.ಡಿ. ತಲುಪಿದ ದಿನ ಅಕ್ಕ ಫೋನ್ ಮಾಡಿದಳು. ಹಾಡುಗಳ ಮಾತು ಆಮೇಲೆ ಬಂತು. ಮೊದಲು ಹೇಳಿದ್ದು, ಆ ಮಾತು ಕೇಳಿ ತಾನು ಎದ್ದು ಒಲೆಯ ಹತ್ತಿರ ಹೋಗಿಬಿಟ್ಟೆ ಎಂದು.

ಈ ಭಾನುವಾರ ನಿಮ್ಮ ಡಬ್ಬಿಯನ್ನೂ ಕೆಳಗಿಳಿಸಿ.