ಸೈಕಲ್ ಕೊಟ್ಟಿರಿ, ನೀರಿನ ಕಟ್ಟೆಗೆ ದಾರಿ?

ಮಿಶ್ರಿಕೋಟಿ ಕಡೆ ನಾನು ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ. ಪೋಲಿಯೊದಿಂದ ಎಡಗಾಲು ಸೋತಿದೆ. ಕ್ಯಾಲಿಪರ್ ಹಾಕಿಕೊಂಡೇ ಮನೆಮನೆ ತಿರುಗುತ್ತೇನೆ. ದಾನಿಗಳು ಊರಿಗೆ ಬಂದರೆ ನನಗೆ ಫೋನ್ ಬರುತ್ತದೆ: ‘ತ್ರಿಚಕ್ರ ಸೈಕಲ್ ಯಾರಿಗೆ ಬೇಕು, ಹೆಸರು ಬರದ ಕೊಡ್ರಿ.’ ಸೈಕಲ್ ಕೊಟ್ಟು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಸೈಕಲ್ ಬೇಕೇ ಬೇಕು, ಬೇಡವೆನ್ನಲಾರೆ. ಆದರೆ ಅವರೇ ಹೊಲಿಗೆ ತರಬೇತಿಗೋ ನೀರಿನ ಘಟಕಕ್ಕೋ ಹಣ ಕೊಡುವಾಗ ನಮ್ಮ ನೆನಪು ಆಗುವುದಿಲ್ಲ.

ಒಂದು ನೀರಿನ ಘಟಕದ ಕಟ್ಟೆ ಎರಡಡಿ ಎತ್ತರ. ಮೂರು ಮೆಟ್ಟಿಲು, ನಾಣ್ಯ ಹಾಕುವ ಕಿಂಡಿ ನಿಂತವರ ಎದೆಮಟ್ಟಕ್ಕೆ. ದಾನದ ಸೈಕಲ್ ಮೇಲೇ ಬಂದ ಅಜ್ಜ ಖಾಲಿ ಕ್ಯಾನ್ ಹಿಡಿದು ಕೆಳಗೆ ಕಾಯುತ್ತಿದ್ದ. ‘ಯಾರರ ಬರೂತನಾ ಕುಂದರೂದ ನೋಡವ್ವಾ’ ಅಂದ. ಇಳಿಜಾರು ಹಾಕಿಸಿರೆಂದು ಕೇಳಿದೆ. ಹಾಕಿಸಿದರು, ನಾಲ್ಕಡಿ ಉದ್ದದ್ದು. ಅದರ ಮೇಲೆ ಆಡುವ ಹುಡುಗರೇ ಜಾರುತ್ತಾರೆ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಎರಡಡಿಗೆ 24. ಅಷ್ಟು ಜಾಗ ಅಲ್ಲಿ ಎಲ್ಲಿದೆ? ಮೊದಲೇ ಕೇಳಿದ್ದರೆ ಕಟ್ಟೆಯನ್ನೇ ತಗ್ಗಿಸಬಹುದಿತ್ತು, ಸಿಮೆಂಟೂ ಉಳಿಯುತ್ತಿತ್ತು.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿ, ಬಡತನ ನಿವಾರಣೆ ಯೋಜನೆಗಳಲ್ಲಿ ಶೇ 5ರಷ್ಟು ಮೀಸಲಿಡಲು ಹೇಳಿತು. ಆದರೆ ಅದು ಸರ್ಕಾರಿ ಯೋಜನೆಗಳ ಮಾತು. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪನಿ ಕಾಯ್ದೆ ವಿಧಿಸಿದೆ. ಅದರಲ್ಲಿ ನಮಗೆ ಇಂತಿಷ್ಟು ಎಂಬ ಕಟ್ಟುಪಾಡಿಲ್ಲ.

ಇದು ನಮ್ಮೂರಿನ ಮರೆವಷ್ಟೇ ಅಲ್ಲ. ಅಮೆರಿಕದ ಫೋರ್ಡ್ ಫೌಂಡೇಶನ್ 2015ರಲ್ಲಿ ಅಸಮಾನತೆಯ ವಿರುದ್ಧವೇ ಹಣ ಕೊಡುತ್ತೇವೆಂದು ಸಾರಿ, ಅಂಗವಿಕಲರನ್ನೇ ಬಿಟ್ಟಿತ್ತು. ಅಂಗವಿಕಲರು ತರಾಟೆಗೆ ತೆಗೆದುಕೊಂಡ ಮೇಲೆ, ಮರುವರ್ಷ ಅಧ್ಯಕ್ಷ ಡ್ಯಾರೆನ್ ವಾಕರ್ ತಪ್ಪೊಪ್ಪಿಕೊಂಡರು.

ಅಷ್ಟು ದೂರ ಯಾಕೆ, ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಿ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಟ್ಟಿದರು, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಬೆಳೆಸಿದರು. ನಾಟಕ ಕಂಪನಿ ನಡೆಸಿ ದುಡಿದರು; ಭಕ್ತರು ಮಾಡಿದ ತುಲಾಭಾರದ ಹಣ ಅಂಧ, ಅನಾಥ ಮಕ್ಕಳ ಅನ್ನಕ್ಕೂ ಸಂಗೀತಕ್ಕೂ ಹೋಯಿತು. ದಾನ ಎಲ್ಲಿ ಸಲ್ಲಬೇಕೆಂದು ತೀರ್ಮಾನಿಸಿದವರು ಅವರೇ. ನಾವು ಇಂದು ಕೇಳುವುದೂ ಆ ಅಧಿಕಾರವನ್ನೇ, ಶಾಲು-ಹಾರ ಸಾಕಾಗಿದೆ.

ಊರಿಗೆ ಏನಾದರೂ ಕಟ್ಟಿಸಿಕೊಡುವ ಮನಸ್ಸಿದ್ದವರು ನಕ್ಷೆ ಬರೆಸುವ ಮೊದಲು ಪಂಚಾಯಿತಿಗೆ ಬಂದು, ನಮ್ಮಂಥ ನಾಲ್ಕು ಜನರನ್ನು ಕೂಡಿಸಿಕೊಂಡು ಮಾತಾಡಿ. ಸಭೆ ಮಾತ್ರ ಮಾಳಿಗೆ ಮೇಲೆ ಇಡಬೇಡಿ.